ಹೊಸ ಫೋನು ಬಂತು, ಹಳೆಯದನ್ನು ಇವತ್ತೇ ಕೊಡಬೇಡಿ

ಕಳೆದ ದೀಪಾವಳಿಗೆ ಬೆಟಗೇರಿಯ ನಮ್ಮ ಕಾಕಾ ಹೊಸ ಫೋನು ತಗೊಂಡರು. ಅಂಗಡಿಯ ಹುಡುಗ ಹಳೆಯದರ ಸಿಮ್ ತೆಗೆದು ಹೊಸದಕ್ಕೆ ಹಾಕಿದ. ಐದು ನಿಮಿಷ ಏನೇನೋ ಒತ್ತಿದ. "ಎಲ್ಲಾ ಆತು ನೋಡ್ರಿ ಅಜ್ಜಾರ" ಅಂದ. ಹಳೆ ಫೋನನ್ನು ಎಂಟುನೂರು ರೂಪಾಯಿಗೆ ಅಲ್ಲೇ ಬಿಟ್ಟು ಬಂದರು. ಮೂರು ದಿನ ಬಿಟ್ಟು ನನಗೆ ಫೋನು: "ತಮ್ಮಾ, ವಾಟ್ಸಾಪ್‌ನಾಗ ಹಳೇದು ಒಂದೂ ಇಲ್ಲಲ್ಲೋ." ತೀರಿಹೋದ ಕಾಕುವಿನ ದನಿ ಇದ್ದ ವಾಯ್ಸ್ ಮೆಸೇಜುಗಳೆಲ್ಲ ಅದರಲ್ಲಿದ್ದವು.

ಇಂಥ ಫೋನು ನನಗೆ ವರ್ಷಕ್ಕೆ ನಾಲ್ಕೈದಾದರೂ ಬರುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಹೋಗುವವರಿಗೆ. ಐಫೋನ್ ಕೊಳ್ಳುವವರ ದಾರಿ ಬೇರೆ. ಗೂಗಲ್‌ನಲ್ಲಿರುವ ವಾಟ್ಸಾಪ್ ಬ್ಯಾಕಪ್, ಅಂದರೆ ಮೆಸೇಜುಗಳನ್ನು ಕಾಪಿ ಮಾಡಿಟ್ಟದ್ದು, ಐಫೋನಿನಲ್ಲಿ ತೆರೆಯುವುದಿಲ್ಲ. ಅವರು 'ಮೂವ್ ಟು ಐಓಎಸ್' ಆ್ಯಪ್ ಬಳಸಬೇಕು, ಅದನ್ನೂ ಹೊಸ ಫೋನು ಮೊದಲ ಸಲ ಶುರು ಮಾಡುವಾಗಲೇ ಮಾಡಬೇಕು.

ಹೆಜ್ಜೆ 1: ಹೊತ್ತು ಗೊತ್ತು ಮಾಡಿಕೊಳ್ಳಿ

ಭಾನುವಾರ ಬೆಳಿಗ್ಗೆ, ಮನೆಯಲ್ಲಿ, ಎರಡೂ ಫೋನನ್ನು ಚಾರ್ಜಿಗೆ ಹಾಕಿ ಕೂರಿ. ವೈಫೈ ಇದ್ದರೆ ಒಳ್ಳೆಯದು. ಚಿಗರಿ ಬಸ್ಸಿನಲ್ಲಿ ಕೂತು ಉಣಕಲ್ ದಾಟುವಾಗ ಶುರು ಮಾಡಿ, ನವನಗರದ ಹೊತ್ತಿಗೆ ಅರ್ಧಕ್ಕೆ ನಿಂತು ಒದ್ದಾಡಿದವರನ್ನು ನೋಡಿದ್ದೇನೆ. ಅಂಗಡಿಯಲ್ಲಂತೂ ಮಾಡಿಸಲೇಬೇಡಿ. ಆ ಹುಡುಗನ ಹಿಂದೆ ಇನ್ನೂ ನಾಲ್ಕು ಗಿರಾಕಿ ನಿಂತಿರುತ್ತಾರೆ. ನಿಮ್ಮ ಮೆಸೇಜುಗಳ ಚಿಂತೆ ಅವನಿಗೇಕೆ?

ಆನ್‌ಲೈನ್ ಎಕ್ಸ್‌ಚೇಂಜ್ ನನಗೆ ಸೇರುವುದಿಲ್ಲ. ಡೆಲಿವರಿಯವನು ಬಾಗಿಲಲ್ಲೇ ನಿಂತು, ಹೊಸದು ಕೊಟ್ಟು ಹಳೆಯದನ್ನು ಅಲ್ಲೇ ಕೇಳುತ್ತಾನೆ. ಎರಡೂ ಫೋನು ಒಟ್ಟಿಗೆ ನಿಮ್ಮ ಕೈಯಲ್ಲಿ ಹತ್ತು ನಿಮಿಷವೂ ಇರುವುದಿಲ್ಲ. ಅದೇ ಬೇಕು ಅಂದರೆ ಹಿಂದಿನ ರಾತ್ರಿಯೇ ಬ್ಯಾಕಪ್ ಮುಗಿಸಿಡಿ.

ಹೆಜ್ಜೆ 2: ನಂಬರು, ಫೋಟೊ

ಫೋನ್ ನಂಬರುಗಳು ಸಿಮ್‌ನಲ್ಲೋ ಫೋನಿನಲ್ಲೋ ಇದ್ದರೆ ಮೊದಲು ಗೂಗಲ್ ಅಕೌಂಟಿಗೆ ಹಾಕಿ. ಹೊಸ ಫೋನಿಗೆ ಅದೇ ಜಿಮೇಲ್ ಕೊಟ್ಟರೆ ತಾವಾಗಿಯೇ ಬರುತ್ತವೆ. ಫೋಟೊಗಳಿಗೆ ಒಂದು ಕೇಬಲ್ ಸಾಕು. ಹೊಸ ಫೋನು ಶುರುವಿನಲ್ಲೇ "ಹಳೆ ಫೋನಿನಿಂದ ಕಾಪಿ ಮಾಡಲೇ" ಎಂದು ಕೇಳುತ್ತದೆ, ಹೂಂ ಅನ್ನಿ. ಆದರೆ ರಸ್ತೆ ಬದಿಯ ಐವತ್ತು ರೂಪಾಯಿ ಕೇಬಲ್ ತರಬೇಡಿ. ಅವುಗಳಲ್ಲಿ ಎಷ್ಟೋ ಬರೀ ಚಾರ್ಜಿನ ಕೇಬಲ್ಲು. ಒಳಗೆ ಡೇಟಾ ಸಾಗಿಸುವ ತಂತಿಯೇ ಇರುವುದಿಲ್ಲ. ಒಂದು ತಾಸು ಫೋನಿಗೆ ಬೈದ ಮೇಲೆ ಇದು ಗೊತ್ತಾಗುತ್ತದೆ.

ಹೆಜ್ಜೆ 3: ವಾಟ್ಸಾಪ್, ನಿಧಾನ ಓದಿ

ಕಾಪಿ ಮುಗಿದ ಮೇಲೆ ಹೊಸ ಫೋನಿನಲ್ಲಿ ವಾಟ್ಸಾಪ್ ಚಿತ್ರ ಕಾಣುತ್ತದೆ. ಅಲ್ಲಿಗೆ ಎಲ್ಲಾ ಬಂತು ಅಂದುಕೊಳ್ಳುತ್ತಾರೆ. ಬಂದದ್ದು ಖಾಲಿ ಡಬ್ಬಿ. ಒಳಗಿನ ಮಾತುಕತೆಯನ್ನು ನಾವೇ ಬೇರೆಯಾಗಿ ತರಬೇಕು.

ಮೊದಲು ಹಳೆ ಫೋನಿನಲ್ಲಿ ವಾಟ್ಸಾಪ್ ತೆರೆದು ಮೂರು ಚುಕ್ಕಿ ಒತ್ತಿ. ಸೆಟ್ಟಿಂಗ್ಸ್, ಚಾಟ್ಸ್, ಆಮೇಲೆ ಚಾಟ್ ಬ್ಯಾಕಪ್. ಅಲ್ಲಿ ಕೊನೆಯ ಬ್ಯಾಕಪ್ ಯಾವತ್ತು ಆಗಿದೆ ಎಂದು ಬರೆದಿರುತ್ತದೆ. ಎಷ್ಟೋ ಜನರದ್ದು ವರ್ಷದ ಹಿಂದಿನ ತಾರೀಕು! ಕಾರಣ ಏನು ಅಂದರೆ, ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ ಜಾಗ. ಜಿಮೇಲ್, ಫೋಟೊ, ಡ್ರೈವ್ ಎಲ್ಲಕ್ಕೂ ಸೇರಿ ಅಷ್ಟೇ. ಮೊದಲು ವಾಟ್ಸಾಪ್ ಬ್ಯಾಕಪ್ ಈ ಲೆಕ್ಕದಲ್ಲಿ ಇರಲಿಲ್ಲ, 2024ರಿಂದ ಅದನ್ನೂ ಸೇರಿಸಿದ್ದಾರೆ. ಜಾಗ ತುಂಬಿದರೆ ಬ್ಯಾಕಪ್ ನಿಲ್ಲುತ್ತದೆ. ಸಂದೇಶ ಒಂದು ಬರುತ್ತದೆ, ನಾವು ಸುಮ್ನೆ ಸರಿಸಿಬಿಡುತ್ತೇವೆ. ಅಲ್ವಾ? ಜಾಗ ಇಲ್ಲದಿದ್ದರೆ ಅದೇ ಪುಟದಲ್ಲಿ ವಿಡಿಯೊ ಸೇರಿಸುವ ಗುಂಡಿಯನ್ನು ಆಫ್ ಮಾಡಿ. ಗುಡ್ ಮಾರ್ನಿಂಗ್ ವಿಡಿಯೊ ಹೋದರೆ ಹೋಗಲಿ. ಅಲ್ಲಿ ಯಾವ ಜಿಮೇಲ್ ತೋರಿಸುತ್ತದೋ ಚೀಟಿಯಲ್ಲಿ ಬರೆದಿಡಿ. ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿದ್ದರೆ ಅದು ನೆನಪಿದೆಯೇ ನೋಡಿ. ಮರೆತು, ಹಳೆ ಫೋನೂ ಕೈಬಿಟ್ಟರೆ ವಾಟ್ಸಾಪ್‌ನವರಿಗೂ ತೆಗೆದುಕೊಡಲು ಆಗದು. ಇಷ್ಟಾದ ಮೇಲೆ ಬ್ಯಾಕಪ್ ಒತ್ತಿ, ಇವತ್ತಿನ ತಾರೀಕು ಕಾಣುವವರೆಗೆ ಕಾಯಿರಿ.

ಈಗ ತರುವ ದಾರಿ ಎರಡು. ನನ್ನ ಆಯ್ಕೆ ಯಾವಾಗಲೂ ನೇರ ದಾರಿ. ಬ್ಯಾಕಪ್ ಬರೀ ರಕ್ಷಣೆಗೆ ಇರಲಿ. ಹಳೆ ಫೋನಿನಲ್ಲಿ ಅದೇ ಚಾಟ್ಸ್ ಪುಟದ ಕೆಳಗೆ 'ಟ್ರಾನ್ಸ್‌ಫರ್ ಚಾಟ್ಸ್' ಇದೆ. ಹೊಸದರಲ್ಲಿ ವಾಟ್ಸಾಪ್ ತೆರೆದು ಅದೇ ನಂಬರು ಹಾಕಿ, ಓಟಿಪಿ ಕೊಟ್ಟ ಮೇಲೆ ಹಳೆ ಫೋನಿನಿಂದ ತರುವುದನ್ನು ಆರಿಸಿದರೆ ಚೌಕಾಕಾರದ ಕ್ಯೂಆರ್ ಕೋಡ್ ಬರುತ್ತದೆ. ಹಳೆಯದರಿಂದ ಅದನ್ನು ಸ್ಕ್ಯಾನ್ ಮಾಡಿ. ಎರಡೂ ಪಕ್ಕಪಕ್ಕ ಇರಲಿ, ವೈಫೈ ಮತ್ತು ಲೊಕೇಶನ್ ಆನ್ ಇರಲಿ. ಗೂಗಲ್ ಜಾಗದ ತಂಟೆಯೇ ಇಲ್ಲ. ಮುಗಿಯುವವರೆಗೆ ವಾಟ್ಸಾಪ್ ಮುಚ್ಚಬೇಡಿ. ಚಹಾ ಕುಡಿಯಲು ಎದ್ದರೂ ಫೋನು ಅಲ್ಲೇ ಇರಲಿ.

ಎರಡನೆಯ ದಾರಿ ಗೂಗಲ್ ಬ್ಯಾಕಪ್. ಎಡವುವುದು ಇಲ್ಲೇ. ಓಟಿಪಿ ಆದ ಮೇಲೆ ಅನುಮತಿ ಕೇಳುತ್ತದೆ. ಬೇಡ ಅನ್ನಬೇಡಿ. ಚೀಟಿಯಲ್ಲಿ ಬರೆದ ಜಿಮೇಲ್ ಆ ಫೋನಿನಲ್ಲಿ ಇರಲೇಬೇಕು. ಮಕ್ಕಳು ಹೊಸ ಜಿಮೇಲ್ ಮಾಡಿಕೊಟ್ಟಿದ್ದರೆ ಬ್ಯಾಕಪ್ ಸಿಗುವುದಿಲ್ಲ. ಆಮೇಲೆ 'ರಿಸ್ಟೋರ್' ಮತ್ತು 'ಸ್ಕಿಪ್' ಎಂಬ ಎರಡು ಮಾತು ಬರುತ್ತವೆ. ಅವಸರದವರು ಸ್ಕಿಪ್ ಒತ್ತುತ್ತಾರೆ. ಕಾಕಾನ ಫೋನಿನಲ್ಲಿ ಆ ಹುಡುಗ ಮಾಡಿದ್ದೂ ಅದೇ.

ಸ್ಕಿಪ್ ಒತ್ತಿದರೂ ತಕ್ಷಣ ಎಲ್ಲ ಮುಳುಗುವುದಿಲ್ಲ. ವಾಟ್ಸಾಪ್ ತೆಗೆದುಹಾಕಿ, ಮತ್ತೆ ಹಾಕಿಕೊಂಡರೆ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಆದರೆ ಅವತ್ತೇ ಮಾಡಬೇಕು. ಯಾಕೆಂದರೆ ಹೊಸ ಫೋನೂ ಗೂಗಲ್‌ಗೆ ಬ್ಯಾಕಪ್ ಕಳಿಸಲು ಶುರು ಮಾಡಿದರೆ ಆ ಖಾಲಿ ಬ್ಯಾಕಪ್ ಹಳೆಯದರ ಮೇಲೆ ಕೂರುತ್ತದೆ. ಎರಡನ್ನೂ ಗೂಗಲ್ ಇಟ್ಟುಕೊಳ್ಳುವುದಿಲ್ಲ. ಕಾಕಾ ನನಗೆ ಹೇಳುವಷ್ಟರಲ್ಲಿ ಮೂರು ರಾತ್ರಿ ಕಳೆದಿದ್ದವು. ಹಳೆ ಫೋನು ಇದ್ದಿದ್ದರೂ ದಾರಿ ಇತ್ತು. ಇತ್ತೀಚಿನ ಕೆಲವು ದಿನಗಳ ಬ್ಯಾಕಪ್ ಫೋನಿನ ಒಳಗೂ ಇರುತ್ತದೆ. ಅಂಗಡಿಗೆ ಓಡಿದೆವು. ಅದು ಆಗಲೇ ಮಾರಾಟವಾಗಿತ್ತು.

ಬಣ್ಣ ಬದಲಿಸುವ, ಡಿಲೀಟ್ ಆದದ್ದನ್ನು ತೋರಿಸುವ ನಕಲಿ ವಾಟ್ಸಾಪ್ ಬಳಸುವವರಿಗೆ ಇದ್ಯಾವುದೂ ಸರಿಯಾಗಿ ನಡೆಯುವುದಿಲ್ಲ. ಅಸಲಿ ಕಂಪನಿ ಅಂಥ ನಂಬರನ್ನೇ ಬಂದ್ ಮಾಡಬಹುದು. ತೆಗೆದು ಬಿಸಾಡಿ.

ಹೆಜ್ಜೆ 4: ದುಡ್ಡಿನ ಆ್ಯಪ್

ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಹೊಸ ಫೋನಿನಲ್ಲೇ ಇರಬೇಕು. ಯುಪಿಐ ಆ್ಯಪ್ ಅದರಿಂದ ಒಂದು ಎಸ್ಸೆಮ್ಮೆಸ್ ಕಳಿಸಿ ಗುರುತು ಹಿಡಿಯುತ್ತದೆ. ರೀಚಾರ್ಜ್ ಮುಗಿದಿದ್ದರೆ ಎಸ್ಸೆಮ್ಮೆಸ್ ಹೋಗದು. ಜನ ಮಾತ್ರ ಬ್ಯಾಂಕಿಗೆ ಬೈಯುತ್ತಾರೆ. ಎರಡು ಸಿಮ್ ಇದ್ದರೆ ಸರಿಯಾದದ್ದನ್ನು ಆರಿಸಿ. ಹಳೆ ಯುಪಿಐ ಪಿನ್ನೇ ನಡೆಯುತ್ತದೆ, ಅದನ್ನು ಯಾರಿಗೂ ಹೇಳುವ ಕೆಲಸವಿಲ್ಲ. ಮೊದಲ ದಿನ ದೊಡ್ಡ ಮೊತ್ತ ಹೋಗದೇ ಇರಬಹುದು, ಗಾಬರಿ ಬೇಡ. ಬ್ಯಾಡಗಿಯಿಂದ ಮೆಣಸಿನಕಾಯಿ ತರಿಸುವ ದಿನವೇ ಫೋನು ಬದಲಿಸಲು ಹೋಗಬೇಡಿ.

ಹೆಜ್ಜೆ 5: ಹಳೆಯದು ಒಂದು ವಾರ ಕಪಾಟಿನಲ್ಲಿ

ಚಾರ್ಜ್ ಮಾಡಿ, ಸಿಮ್ ಇಲ್ಲದೆ ಇಡಿ. ಈ ವಾರದಲ್ಲಿ ಏನೋ ಒಂದು ನೆನಪಾಗಿಯೇ ಆಗುತ್ತದೆ. ರೆಕಾರ್ಡಿಂಗೋ, ನೋಟ್ಸಿನಲ್ಲಿ ಬರೆದ ಸಿಲಿಂಡರ್ ಬುಕಿಂಗ್ ನಂಬರೋ. ಕೊಡುವ ದಿನ ಮೊದಲು ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಕೌಂಟ್ ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರೀಸೆಟ್, ಅಂದರೆ ಫೋನಿನೊಳಗಿನದ್ದೆಲ್ಲ ಅಳಿಸುವುದು. ಈ ಕ್ರಮ ತಪ್ಪಿದರೆ ಕೊಂಡವನ ಕೈಯಲ್ಲಿ ಫೋನು ನಿಮ್ಮ ಪಾಸ್‌ವರ್ಡ್ ಕೇಳುತ್ತಾ ಕೂರಬಹುದು. ರೀಸೆಟ್ ಮಾಡಿದರೂ ಮೆಮೊರಿ ಕಾರ್ಡ್ ಅಳಿಸುವುದಿಲ್ಲ. ಸಿಮ್ ಟ್ರೇ ಎಳೆದು, ಕಾರ್ಡನ್ನು ಕೈಯಿಂದಲೇ ತೆಗೆದಿಟ್ಟುಕೊಳ್ಳಿ.