ಕರೆಂಟು ಬಂದೊಡನೆ ತಾನಾಗಿ ಏಳಬೇಕಾದ ಯಂತ್ರ: ಲಿನಕ್ಸ್ ಆರಂಭಿಕ ಸ್ಕ್ರಿಪ್ಟುಗಳ ದುರಸ್ತಿ

ಗಂಗಾವತಿಯ ಅಕ್ಕಿ ಗಿರಣಿಯೊಂದರ ವೇಬ್ರಿಡ್ಜ್ ಕೋಣೆಯಲ್ಲಿರುವ ಲಿನಕ್ಸ್ ಕಂಪ್ಯೂಟರನ್ನು ನಾನು ನೋಡಿಕೊಳ್ಳುತ್ತೇನೆ. ಸುಗ್ಗಿಯಲ್ಲಿ ನೆಲ್ಲಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುವಾಗಲೇ ಕರೆಂಟು ಹೋಗುತ್ತದೆ, ಹಳೆಯ ಯುಪಿಎಸ್ ಹೆಚ್ಚು ಹೊತ್ತು ತಾಳುವುದಿಲ್ಲ. ಕರೆಂಟು ಮರಳಿದಾಗ ಯಂತ್ರವು ತಾನಾಗಿಯೇ ಎದ್ದು, ತೂಕ ಓದುವ ಪ್ರೋಗ್ರಾಮನ್ನೂ ಚೀಟಿ ಮುದ್ರಿಸುವ ಸರ್ವಿಸನ್ನೂ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮು) ಶುರುಮಾಡಬೇಕು. ಆ ಕೆಲಸ ಮಾಡುವ ಸ್ಕ್ರಿಪ್ಟು (ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲು) ಓಡುವುದು ರೂಟ್, ಅಂದರೆ ಎಲ್ಲವನ್ನೂ ಮಾಡಬಲ್ಲ ಖಾತೆಯ ಅಧಿಕಾರದಲ್ಲಿ, ಲಾಗಿನ್‌ನ ಯಾವ ಸೆಟ್ಟಿಂಗೂ ಇಲ್ಲದೆ, ಯಾರೂ ಪರದೆ ನೋಡದಿರುವ ಹೊತ್ತಿನಲ್ಲಿ. ನಾನು ಕಂಡ ಬಹುತೇಕ ದೋಷಗಳು ಈ ಮೂರರಲ್ಲಿ ಒಂದನ್ನು ಮರೆತದ್ದರಿಂದ ಹುಟ್ಟಿದವು. (ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ.)

ಮೊದಲು ಸರ್ವಿಸನ್ನು ಯಾರು ಆರಂಭಿಸುತ್ತಿದ್ದಾರೆ ಎಂಬುದನ್ನು ತಿಳಿದುಕೊಳ್ಳಬೇಕು. ಹಳೆಯ ಪದ್ಧತಿಯಲ್ಲಿ ಇಟಿಸಿ ಡೈರೆಕ್ಟರಿಯೊಳಗಿನ ಇನಿಟ್.ಡಿ ಸ್ಕ್ರಿಪ್ಟುಗಳು ಓಡುತ್ತಿದ್ದವು. ಲಿನಕ್ಸ್ ವಿತರಣೆಗಳ ಪೈಕಿ 2011ರ ಫೆಡೋರಾ 15, 2015ರ ಡೆಬಿಯನ್ 8 ಮತ್ತು ಉಬುಂಟು 15.04ರಿಂದ ಆ ಜಾಗಕ್ಕೆ ಸರ್ವಿಸುಗಳನ್ನು ಆರಂಭಿಸಿ ನೋಡಿಕೊಳ್ಳುವ ಸಿಸ್ಟಂಡಿ ಎಂಬ ಪ್ರೋಗ್ರಾಮು ಬಂದಿತು. ಆದರೂ ಯಾರೋ ಎಂದೋ, ಯಂತ್ರ ಏಳುವಾಗ ಓಡುವ ಆರ್‌ಸಿ.ಲೋಕಲ್ ಎಂಬ ಹಳೆಯ ಪದ್ಧತಿಯ ಫೈಲಿಗೆ ಸೇರಿಸಿದ ಒಂದು ಸಾಲು ಇನ್ನೂ ಓಡುತ್ತಿರಬಹುದು, ಅದೇ ಸರ್ವಿಸನ್ನು ಎರಡನೆಯ ಸಲ ಆರಂಭಿಸುತ್ತಿರಲೂಬಹುದು. 'ಸಿಸ್ಟಂಸಿಟಿಎಲ್' ಆದೇಶಕ್ಕೆ 'ಫೇಲ್ಡ್' ಆಯ್ಕೆ ಕೊಟ್ಟರೆ ಬಿದ್ದುಹೋದ ಸರ್ವಿಸುಗಳ ಪಟ್ಟಿ ಸಿಗುತ್ತದೆ. 'ಜರ್ನಲ್‌ಸಿಟಿಎಲ್' ಆದೇಶಕ್ಕೆ 'ಬಿ' ಆಯ್ಕೆ ಕೊಟ್ಟರೆ ಈ ಸಲದ ಬೂಟಿನ (ಯಂತ್ರ ಎದ್ದಾಗಿನಿಂದ ಈಚಿನ) ದಾಖಲೆ ಸಿಗುತ್ತದೆ. ಹಿಂದಿನ ಬೂಟಿನ ದಾಖಲೆಯೂ ಬೇಕಿದ್ದರೆ ಜರ್ನಲ್ ಡಿಸ್ಕಿನಲ್ಲಿ ಉಳಿಯುವಂತೆ ಮೊದಲೇ ಹೊಂದಿಸಿರಬೇಕು.

ಭದ್ರತೆಯ ತಪಾಸಣೆಯನ್ನು ಫೈಲಿನ ಅನುಮತಿಗಳಿಂದಲೇ ಆರಂಭಿಸಿರಿ. 'ಓಡುತ್ತಿಲ್ಲ' ಎಂಬ ದೂರಿಗೆ 777 ಅನುಮತಿ (ಯಾರು ಬೇಕಾದರೂ ಓದಬಹುದು, ಬರೆಯಬಹುದು, ಓಡಿಸಬಹುದು) ಕೊಟ್ಟು ಕೈತೊಳೆದುಕೊಳ್ಳುವುದು ನಮ್ಮ ಕಡೆ ಎಲ್ಲೆಲ್ಲೂ ಇರುವ ಚಾಳಿ. ಹಾಗೆ ಮಾಡಿದರೆ ಆ ಯಂತ್ರದಲ್ಲಿ ಖಾತೆಯಿರುವ ಯಾರು ಬೇಕಾದರೂ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಬಹುದು, ಮುಂದಿನ ಬೂಟಿನಲ್ಲಿ ಅದು ರೂಟ್ ಆಗಿ ಓಡುತ್ತದೆ. ಫೈಲಿನ ಒಡೆಯ ರೂಟ್ ಆಗಿದ್ದು ಅನುಮತಿ 755 (ಒಡೆಯ ಮಾತ್ರ ಬರೆಯಬಹುದು) ಅಥವಾ ಅದಕ್ಕಿಂತ ಬಿಗಿಯಾಗಿರಲಿ. ಇಷ್ಟನ್ನು ಹಲವರು ಮಾಡುತ್ತಾರೆ, ಡೈರೆಕ್ಟರಿಯನ್ನು ಮರೆಯುತ್ತಾರೆ: ಫೈಲನ್ನು ಬರೆಯಲಾಗದಿದ್ದರೂ ಅದಿರುವ ಡೈರೆಕ್ಟರಿಯಲ್ಲಿ ಬರೆಯಲು ಸಾಧ್ಯವಾದರೆ ಫೈಲನ್ನೇ ತೆಗೆದು ಅದೇ ಹೆಸರಿನ ಬೇರೊಂದನ್ನು ಇಡಬಹುದು. ಆದ್ದರಿಂದ ಮೂಲ ಡೈರೆಕ್ಟರಿಯಿಂದ ಸ್ಕ್ರಿಪ್ಟಿನವರೆಗಿನ ಪ್ರತಿ ಮೆಟ್ಟಿಲನ್ನೂ, ಸ್ಕ್ರಿಪ್ಟು ಓದಿಕೊಂಡು ನಡೆಸುವ ಕಾನ್ಫಿಗ್ ಫೈಲನ್ನೂ ಪರೀಕ್ಷಿಸಬೇಕು.

ತಾತ್ಕಾಲಿಕ ಫೈಲುಗಳದ್ದು ಇನ್ನೊಂದು ಕಥೆ. ಟಿಎಂಪಿ ಡೈರೆಕ್ಟರಿಯಲ್ಲಿ ಊಹಿಸಬಹುದಾದ ಹೆಸರಿನ ಫೈಲಿಗೆ ರೂಟ್ ಬರೆಯುವುದಾದರೆ, ಬೇರೆಯವರು ಆ ಹೆಸರಿನಲ್ಲಿ ಮೊದಲೇ ಒಂದು ಸಿಂಬಾಲಿಕ್ ಲಿಂಕ್ (ಬೇರೊಂದು ಫೈಲಿನತ್ತ ಕಳುಹಿಸುವ ಹೆಸರು) ಮಾಡಿಟ್ಟು ರೂಟಿನ ಕೈಯಿಂದಲೇ ಮುಖ್ಯ ಫೈಲೊಂದನ್ನು ಅಳಿಸಿಹಾಕಿಸಬಹುದು. ಇತ್ತೀಚಿನ ಕರ್ನಲ್‌ಗಳಲ್ಲಿ (ಲಿನಕ್ಸಿನ ತಿರುಳು) ಇದನ್ನು ತಡೆಯುವ ಸೆಟ್ಟಿಂಗ್ ಇದೆ, ಆದರೆ ಅದನ್ನೇ ನಂಬಿ ಕೂರಬಾರದು. ಊಹಿಸಲಾಗದ ಹೆಸರು ಕೊಡುವ 'ಎಂಕೆಟೆಂಪ್' ಬಳಸಿರಿ, ಇಲ್ಲವೇ ಯೂನಿಟ್ ಫೈಲಿನಲ್ಲಿ (ಸರ್ವಿಸನ್ನು ಹೇಗೆ ನಡೆಸಬೇಕೆಂದು ಸಿಸ್ಟಂಡಿಗೆ ಹೇಳುವ ಫೈಲು) ಸರ್ವಿಸಿಗೆ ತನ್ನದೇ ಟಿಎಂಪಿ ಕೊಡುವ 'ಪ್ರೈವೇಟ್‌ಟಿಎಂಪಿ' ಆನ್ ಮಾಡಿರಿ.

ಸ್ಕ್ರಿಪ್ಟಿನಲ್ಲಿ ಮೌಲ್ಯವೊಂದನ್ನು ಹಿಡಿದಿಡುವ ವೇರಿಯಬಲ್ ಖಾಲಿಯಿದ್ದರೆ ಇನ್ನೂ ಭಯಾನಕ. 2015ರ ಜನವರಿಯಲ್ಲಿ ಲಿನಕ್ಸಿನ ಸ್ಟೀಮ್ ಎಂಬ ಆಟಗಳ ಪ್ರೋಗ್ರಾಮನ್ನು ಆರಂಭಿಸುವ ಸ್ಕ್ರಿಪ್ಟು ಬಳಕೆದಾರರ ಫೈಲುಗಳನ್ನು ಅಳಿಸಿದ ಪ್ರಕರಣ ಸುದ್ದಿಯಾಯಿತು: ಡೈರೆಕ್ಟರಿಯ ಹೆಸರಿರಬೇಕಾದ ವೇರಿಯಬಲ್ ಖಾಲಿಯಾಗಿತ್ತು, ಅದರ ಮುಂದೆ ಓರೆಗೆರೆಯೂ ನಕ್ಷತ್ರವೂ ಇದ್ದವು, ಅಳಿಸುವ ಆದೇಶ ಮೂಲ ಡೈರೆಕ್ಟರಿಯಿಂದಲೇ ಕೆಲಸ ಶುರುಮಾಡಿತು. ಗಮನಿಸಬೇಕಾದದ್ದೆಂದರೆ ಆ ವೇರಿಯಬಲ್ ಉದ್ಧರಣ ಚಿಹ್ನೆಯೊಳಗೇ ಇತ್ತು. ಆ ಚಿಹ್ನೆ ಹೆಸರಿನ ನಡುವಿನ ಖಾಲಿ ಜಾಗದಿಂದ ಕಾಪಾಡುತ್ತದೆಯೇ ಹೊರತು ಹೆಸರೇ ಇಲ್ಲದಿರುವುದರಿಂದ ಕಾಪಾಡುವುದಿಲ್ಲ. ಅಳಿಸುವ ಸಾಲಿನಲ್ಲಿ ವೇರಿಯಬಲ್ಲಿನ ಹೆಸರಾದ ಮೇಲೆ ಪುಷ್ಪಾವರಣದೊಳಗೇ ಕೋಲನ್ ಚಿಹ್ನೆಯನ್ನೂ ಪ್ರಶ್ನಾರ್ಥಕ ಚಿಹ್ನೆಯನ್ನೂ ಸೇರಿಸಿದರೆ, ಅದು ಖಾಲಿಯಿದ್ದಾಗ ಸ್ಕ್ರಿಪ್ಟು ಅಲ್ಲಿಯೇ ನಿಲ್ಲುತ್ತದೆ.

ಇನ್ನು ಕೆಲಸವೇ ಆಗದಿರುವ ದೋಷಗಳು. ಕೈಯಿಂದ ಓಡಿಸಿದರೆ ಸರಿಯಾಗಿದ್ದು ಬೂಟಿನಲ್ಲಿ ಮಾತ್ರ ಕೆಡುತ್ತಿದ್ದರೆ ಮೊದಲ ಸಂಶಯ, ಆದೇಶಗಳನ್ನು ಯಾವ ಡೈರೆಕ್ಟರಿಗಳಲ್ಲಿ ಹುಡುಕಬೇಕೆಂದು ಹೇಳುವ ಪಾತ್ ವೇರಿಯಬಲ್ಲಿನ ಮೇಲಿರಲಿ. 'ಎನ್ವ್' ಆದೇಶಕ್ಕೆ 'ಐ' ಆಯ್ಕೆ ಕೊಟ್ಟು ಬರಿದಾದ ಪರಿಸರದಲ್ಲಿ ಸ್ಕ್ರಿಪ್ಟನ್ನು ಓಡಿಸಿ ನೋಡಿದರೆ ಕೊರತೆ ತಟ್ಟನೆ ಕಾಣುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಸ್ಕ್ರಿಪ್ಟನ್ನು ಓದಿ ನಡೆಸುವ 'ಎಸ್‌ಎಚ್' ಶೆಲ್ ಎಂದರೆ ಬ್ಯಾಷ್ ಅಲ್ಲ, ಡ್ಯಾಷ್. ಜೋಡಿ ಚೌಕಾವರಣದಂಥ ಬ್ಯಾಷ್ ಬರವಣಿಗೆ ಅಲ್ಲಿ ನಡೆಯುವುದಿಲ್ಲ. ವಿಂಡೋಸಿನಲ್ಲಿ ತಿದ್ದಿ ತಂದ ಫೈಲಿನ ಸಾಲುಗಳ ಕೊನೆಯಲ್ಲಿ ಕಾಣದ ಅಕ್ಷರವೊಂದು ಉಳಿದು 'ಬ್ಯಾಡ್ ಇಂಟರ್‌ಪ್ರಿಟರ್' ಎಂಬ ದೋಷ ಬರುವುದೂ ಉಂಟು. ಶೆಲ್‌ಚೆಕ್ ಎಂಬ ಸಾಧನ ಇಂಥವುಗಳಲ್ಲಿ ಬಹುಪಾಲನ್ನು ಹಿಡಿದುಕೊಡುತ್ತದೆ.

ಕ್ರಮದ ದೋಷ ಹೆಚ್ಚು ಸತಾಯಿಸುತ್ತದೆ. ಸಿಸ್ಟಂಡಿಯಲ್ಲಿ 'ಆಫ್ಟರ್' ಎಂಬುದು ಕ್ರಮವನ್ನು ಮಾತ್ರ ಹೇಳುತ್ತದೆ, ಮತ್ತೊಂದು ಸರ್ವಿಸನ್ನು ಎಳೆದು ತರುವುದಿಲ್ಲ. ಅದಕ್ಕೆ 'ವಾಂಟ್ಸ್' ಅಥವಾ 'ರಿಕ್ವೈರ್ಸ್' ಬೇಕು. 'ನೆಟ್‌ವರ್ಕ್ ಟಾರ್ಗೆಟ್' ಎಂದು ಬರೆದರೆ ಸಂಪರ್ಕ ಸಿದ್ಧವಾಗಿದೆ ಎಂದು ಅರ್ಥವಲ್ಲ. ಸಿದ್ಧವಾಗುವವರೆಗೆ ಕಾಯಬೇಕಿದ್ದರೆ 'ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್' ಎಂಬುದನ್ನು 'ಆಫ್ಟರ್', 'ವಾಂಟ್ಸ್' ಎರಡರಲ್ಲೂ ಬರೆಯಬೇಕು. ಜನ 'ಸ್ಲೀಪ್ 30' ಎಂದು ಬರೆದು ಕೈಬಿಡುತ್ತಾರೆ, ಎಂದೋ ಒಂದು ದಿನ ರೌಟರ್ ಏಳಲು 40 ಸೆಕೆಂಡು ತೆಗೆದುಕೊಳ್ಳುತ್ತದೆ. ನಮ್ಮ ಗಿರಣಿಯಲ್ಲಿ ತೂಕದ ಇಂಡಿಕೇಟರ್ ಒಂದು ಬೂಟಿನಲ್ಲಿ 'ಟಿಟಿವೈ ಯುಎಸ್‌ಬಿ 0' ಆಗಿ, ಮತ್ತೊಂದರಲ್ಲಿ 1 ಆಗಿ ಕಾಣಿಸಿಕೊಂಡು ಎರಡು ದಿನ ಕಾಡಿತು. 'ಸೀರಿಯಲ್' ಡೈರೆಕ್ಟರಿಯಲ್ಲಿ 'ಬೈ ಐಡಿ' ಎಂಬುದರೊಳಗಿನ ಸ್ಥಿರ ಹೆಸರನ್ನು ಕೊಟ್ಟ ಮೇಲೆ ತೊಂದರೆ ತಪ್ಪಿತು.

ಕರೆಂಟು ದಿಢೀರನೆ ಹೋಗುವ ನಮ್ಮಂಥ ಊರುಗಳಲ್ಲಿ ಪಿಐಡಿ ಫೈಲಿನ (ಓಡುತ್ತಿರುವ ಪ್ರೋಗ್ರಾಮಿನ ಗುರುತುಸಂಖ್ಯೆ ಬರೆದಿಡುವ ಫೈಲು) ದೋಷವನ್ನು ಬೇರೆಯಾಗಿಯೇ ನೋಡಬೇಕು. ಆ ಫೈಲು ಡಿಸ್ಕಿನಲ್ಲಿದ್ದರೆ ಕರೆಂಟು ಹೋದಾಗ ಅಳಿಸದೆ ಉಳಿಯುತ್ತದೆ, ಹೊಸ ಬೂಟಿನಲ್ಲಿ ಅದೇ ಸಂಖ್ಯೆ ಬೇರೊಂದು ಪ್ರೋಗ್ರಾಮಿಗೆ ಸಿಕ್ಕಿರಬಹುದು. ಆಗ ಸ್ಕ್ರಿಪ್ಟು 'ಈಗಾಗಲೇ ಓಡುತ್ತಿದೆ' ಎಂದು ಸುಮ್ಮನಾಗುತ್ತದೆ, ಅಥವಾ ನಿಲ್ಲಿಸಲು ಹೋಗಿ ಸಂಬಂಧವಿಲ್ಲದ ಪ್ರೋಗ್ರಾಮನ್ನು ಕೊಲ್ಲುತ್ತದೆ. ರನ್ ಡೈರೆಕ್ಟರಿ ಮೆಮೊರಿಯಲ್ಲಿರುವುದರಿಂದ ಪ್ರತಿ ಬೂಟಿನಲ್ಲೂ ಖಾಲಿಯಾಗಿರುತ್ತದೆ. ಫೈಲನ್ನು ಅಲ್ಲಿಡಿ, ಅದಕ್ಕೆ ಬೇಕಾದ ಉಪಡೈರೆಕ್ಟರಿಯನ್ನು ಯೂನಿಟ್ ಫೈಲಿನ 'ರನ್‌ಟೈಮ್ ಡೈರೆಕ್ಟರಿ' ಸಾಲಿನಿಂದ ಸೃಷ್ಟಿಸಿರಿ. ಪ್ರೋಗ್ರಾಮು ತಾನಾಗಿ ಹಿನ್ನೆಲೆಗೆ ಹೋಗದಂತೆ ನಡೆಸಲು ಬಂದರೆ ಪಿಐಡಿ ಫೈಲೇ ಬೇಡ, ಲೆಕ್ಕವನ್ನು ಸಿಸ್ಟಂಡಿ ಇಟ್ಟುಕೊಳ್ಳುತ್ತದೆ. ಚೀಟಿಯ ಮೇಲೆ ಹಳೆಯ ತಾರೀಖು ಬೀಳುತ್ತಿದ್ದರೆ ಮಾತ್ರ ಸ್ಕ್ರಿಪ್ಟನ್ನು ಬೈಯುವ ಮೊದಲು ಗಡಿಯಾರವನ್ನು ನಡೆಸುವ, ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಿಸಿರಿ.

ಪ್ಯಾಕೇಜಿನೊಡನೆ ಬಂದ ಯೂನಿಟ್ ಫೈಲನ್ನು ನೇರವಾಗಿ ತಿದ್ದಬೇಡಿ, ಅಪ್‌ಡೇಟ್ ಬಂದಾಗ ತಿದ್ದುಪಡಿ ಅಳಿಸಿಹೋಗುತ್ತದೆ. 'ಸಿಸ್ಟಂಸಿಟಿಎಲ್ ಎಡಿಟ್' ಮೂಲಕ ಮೇಲುಪದರವಾಗಿ ಬರೆಯಿರಿ. ಬಳಿಕ 'ಸಿಸ್ಟಂಡಿ ಅನಲೈಜ್ ವೆರಿಫೈ' ಆದೇಶದಿಂದ ಬರವಣಿಗೆಯನ್ನೂ, ಅದರದೇ 'ಸೆಕ್ಯುರಿಟಿ' ಆದೇಶದಿಂದ ಸರ್ವಿಸಿಗೆ ಅನಗತ್ಯವಾಗಿ ದಕ್ಕಿರುವ ಅಧಿಕಾರಗಳನ್ನೂ ನೋಡಿರಿ. ಸರ್ವಿಸನ್ನಷ್ಟೇ ರೀಸ್ಟಾರ್ಟ್ ಮಾಡಿದರೆ ಪರೀಕ್ಷೆ ಮುಗಿಯುವುದಿಲ್ಲ, ಆಗ ನೆಟ್‌ವರ್ಕೂ ಡಿಸ್ಕೂ ಆಗಲೇ ಎದ್ದಿರುತ್ತವೆ. ಟ್ರ್ಯಾಕ್ಟರುಗಳಿಲ್ಲದ ಸಂಜೆ ಯಂತ್ರವನ್ನೂ ರೌಟರನ್ನೂ ಸರಿಯಾಗಿ ಆಫ್ ಮಾಡಿ, ಎರಡನ್ನೂ ಒಟ್ಟಿಗೇ ಆನ್ ಮಾಡಿ, ಕೀಬೋರ್ಡ್ ಮುಟ್ಟದೆ ಮೊದಲ ಚೀಟಿ ಹೊರಬರುವವರೆಗೆ ಕಾದು ನೋಡಿರಿ.