ಚೆಕ್ ಅಂತ ಹೇಳ್ಬೇಕಾ, ಸುಮ್ನಿರ್ಬೇಕಾ?

ದಾವಣಗೆರೆಲಿ ಸಂಜೆ ಹೊತ್ತು ಯಾವ್ದಾದ್ರೂ ಕಟ್ಟೆ ಮೇಲೆ ಚೆಸ್ ಬೋರ್ಡ್ ಹಾಸಿ ನೋಡಿ, ಮಂಡಕ್ಕಿ ಪೊಟ್ಣ ಖಾಲಿ ಆಗೋದ್ರೊಳಗೆ ಒಂದು ಜಗಳ ಗ್ಯಾರಂಟಿ. "ಮಂತ್ರಿ ಹೊಡಿತೀನಿ ಅಂತ ಒಂದ್ ಮಾತು ಹೇಳ್ಬಾರ್ದೇನಲೇ" ಅಂತ ಇವನು, "ನಿಂಗೆ ಕಣ್ಣಿಲ್ವೇನಲೇ" ಅಂತ ಅವನು. ಇಬ್ರು ಹೇಳೋದ್ರಲ್ಲೂ ನ್ಯಾಯ ಐತೆ, ಯಾಕಂದ್ರೆ ಆಟ ಶುರು ಮಾಡೋ ಮುಂಚೆ ಇಬ್ರೂ ಏನೂ ಮಾತಾಡ್ಕಂಡಿರಲ್ಲ.

ಅದಕ್ಕೇ ಮೊದಲ ಕೆಲಸ ಏನಪ್ಪಾ ಅಂದ್ರೆ, ಕಾಯಿ ಜೋಡಿಸ್ತಾ ಜೋಡಿಸ್ತಾನೇ ಕೇಳಿಬಿಡಿ: ಇದು ಕಲಿಯೋ ಆಟನಾ, ಗೆಲ್ಲೋ ಆಟನಾ? ಗೆಲ್ಲೋ ಆಟ ಅಂದ್ರೆ ಬಾಯಿ ಮುಚ್ಕಂಡು ಆಡೋದು. ಚೆಸ್ ಆಗ್ಲಿ, ಹುಲಿಕುರಿ ಆಗ್ಲಿ, ಸಾಲುಮನೆ ಆಗ್ಲಿ, ಇಸ್ಪೀಟಿನ ಥರ ಕೈಯಲ್ಲಿ ಮುಚ್ಚಿಟ್ಟಿರೋದು ಏನೂ ಇರಲ್ಲ, ದಾಳ ಇಲ್ಲ, ಎಲ್ಲಾ ಇಬ್ರ ಕಣ್ಣೆದುರಿಗೇ ಐತೆ, ಅದನ್ನ ನೋಡೋದೇ ಆಟ, ಅದನ್ನೂ ನೀವೇ ಹೇಳಿಕೊಟ್ರೆ ಅವನಿಗೆ ಮಾಡೋಕೆ ಇನ್ನೇನು ಉಳೀತು?

ಆದ್ರೆ ಚೆಕ್, ಅಂದ್ರೆ ರಾಜನ ಮೇಲೇ ದಾಳಿ, ಅದರ ವಿಷಯ ಬೇರೆ, ಇದನ್ನ ಮಂತ್ರಿ ವಿಷಯದ ಜೊತೆ ಕಲಸ್ಬೇಡಿ. ರಾಜನಿಗೆ ಚೆಕ್ ಬಿದ್ದಾಗ ಎದುರಿನವನು ಅದನ್ನ ತಪ್ಪಿಸ್ಲೇಬೇಕು, ಬೇರೆ ಮೂವ್ ಆಡೋ ಹಾಗೇ ಇಲ್ಲ, ಅಂದ್ರೆ ಅದು ನಿಯಮ. ಮಂತ್ರಿ ಹೋದ್ರೆ ಅದು ಅವನ ನಷ್ಟ, ಅಷ್ಟೇ. ಅದಕ್ಕೇ ಮನೆ ಆಟದಲ್ಲಿ ಚೆಕ್ ಹೇಳೋದು ಒಳ್ಳೇದು, ಇಲ್ಲಾಂದ್ರೆ ಅವನು ನೋಡ್ದೆ ಇನ್ನೇನೋ ಆಡ್ತಾನೆ, ನೀವು ಅದಕ್ಕೆ ಉತ್ತರ ಆಡ್ತೀರಿ, ನಾಲ್ಕು ಮೂವ್ ಆದ್ಮೇಲೆ "ಅರೆ, ಚೆಕ್ ಇತ್ತಲ್ಲ" ಅಂತ ಗೊತ್ತಾಗಿ ಎಲ್ಲಾ ವಾಪಸ್ ಇಡೋಕೆ ಕೂತ್ಕಬೇಕು. ಹೇಳ್ದೆ ಸುಮ್ನಿದ್ದು ಆಮೇಲೆ "ರಾಜನ್ನೇ ಹೊಡೆದೆ" ಅಂತ ಎತ್ತಿ ಪಕ್ಕಕ್ಕಿಡ್ತಾರಲ್ಲ, ಅದಂತೂ ಚೆಸ್ಸಲ್ಲೇ ಇಲ್ಲ.

ಟೂರ್ನಮೆಂಟಲ್ಲಿ ಇದೆಲ್ಲ ಉಲ್ಟಾ. ಫಿಡೆ, ಅಂದ್ರೆ ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ, ಅದರ ನಿಯಮದಲ್ಲಿ ಚೆಕ್ ಅಂತ ಬಾಯಿಬಿಟ್ಟು ಹೇಳ್ಬೇಕು ಅಂತ ಎಲ್ಲೂ ಇಲ್ಲ, ಬದ್ಲಿಗೆ ಎದುರಾಳಿಗೆ ತೊಂದ್ರೆ ಕೊಡಬಾರ್ದು ಅಂತ ಐತೆ, ಪ್ರತಿ ಸಲ ಚೆಕ್ ಚೆಕ್ ಅಂತಿದ್ರೆ ಆರ್ಬಿಟರ್ (ಪಂದ್ಯದ ತೀರ್ಪುಗಾರರು) ಬಂದು ಸುಮ್ನಿರಪ್ಪಾ ಅಂತಾರೆ. ಚೆಕ್ ಇರೋದು ನೋಡ್ದೆ ಬೇರೆ ಆಡಿ ಕ್ಲಾಕ್ ಒತ್ತಿದ್ರೆ ಇಲ್ಲೀಗಲ್ ಮೂವ್, ಕ್ಲಾಸಿಕಲ್, ಅಂದ್ರೆ ಜಾಸ್ತಿ ಟೈಮ್ ಇಟ್ಟು ಆಡೋ ಆಟದಲ್ಲಿ ಮೊದಲ ಸಲ ಎದುರಾಳಿಗೆ 2 ನಿಮಿಷ ಜಾಸ್ತಿ ಸಿಗುತ್ತೆ, ಎರಡನೇ ಸಲ ಆಟನೇ ಹೋಗುತ್ತೆ. ಮೊಬೈಲಲ್ಲಿ ಆಡಿ ಕಲಿತ ಮಕ್ಕಳಿಗೆ ಈ ಪೆಟ್ಟು ಚೆನ್ನಾಗಿ ಬೀಳುತ್ತೆ, ಯಾಕಂದ್ರೆ ಆಪಲ್ಲಿ ರಾಜನ ಮನೆ ಕೆಂಪಗಾಗುತ್ತೆ, ತಪ್ಪು ಮೂವ್ ಅದೇ ತಗಳಲ್ಲ, ಮರದ ಬೋರ್ಡಲ್ಲಿ ಯಾವ್ದೂ ಕೆಂಪಗಾಗಲ್ಲ. ಟೂರ್ನಮೆಂಟಿಗೆ ಕಳಿಸೋ ಮುಂಚೆ ಒಂದಷ್ಟು ದಿನ ಮನೇಲೂ ಚೆಕ್ ಹೇಳೋದು ನಿಲ್ಲಿಸಿ.

ಈಗ ಕಲಿಯೋ ಆಟ. ಇಲ್ಲಿ ಹೇಳಿ, ಆದ್ರೆ ಹೇಳೋ ರೀತಿ ಮುಖ್ಯ. ಹೊಸಬರಿಗೆ ಮೊದಮೊದಲು ನೇರವಾಗಿ "ನನ್ನ ಒಂಟೆ ನಿನ್ನ ಆನೆ ನೋಡ್ತಿದೆ ಪುಟ್ಟಾ" ಅನ್ನಿ. ಸ್ವಲ್ಪ ಪಳಗಿದ್ಮೇಲೆ "ನಾನ್ಯಾಕೆ ಇದನ್ನ ಇಲ್ಲಿಟ್ಟೆ ಹೇಳು" ಅಂತ ಕೇಳಿ, ಉತ್ತರ ಅವರ ಬಾಯಿಂದಾನೇ ಬರ್ಲಿ. ಇಲ್ಲೊಂದು ಕಿತಾಪತಿ ಐತೆ, ಅಪಾಯ ಇದ್ದಾಗ ಮಾತ್ರ ನೀವು ಕೇಳಿದ್ರೆ, ಕೇಳದೇ ಇದ್ದಾಗ ಅಪಾಯ ಇಲ್ಲ ಅಂತ ಮಗು ಅರ್ಥ ಮಾಡ್ಕಳುತ್ತೆ, ಅಂದ್ರೆ ಬೋರ್ಡ್ ಬಿಟ್ಟು ನಿಮ್ಮ ಮುಖ ನೋಡೋಕೆ ಶುರು ಮಾಡುತ್ತೆ. ಅದಕ್ಕೇ ಆಗಾಗ ಏನೂ ಇಲ್ದಿದ್ದಾಗ್ಲೂ ಅದೇ ಪ್ರಶ್ನೆ ಕೇಳಿ.

ಎಷ್ಟರ ಮಟ್ಟಿಗೆ ಹೇಳೋದು ಅನ್ನೋಕೂ ಗೆರೆ ಹಾಕಿ: ಮುಂದಿನ ಒಂದೇ ಮೂವಲ್ಲಿ ಕಾಯಿ ಹೋಗೋದಿದ್ರೆ ಮಾತ್ರ. ಎರಡು ಮೂರು ಮೂವ್ ಮುಂದೆ ಹಾಕ್ಕಂಡಿರೋ ಪ್ಲಾನ್ ನಿಮ್ದೇ, ಅದನ್ನ ಯಾರಿಗೂ ಕೊಡಬೇಡಿ. ಒಂದು ಹೇಳಿ ಇನ್ನೊಂದು ಮುಚ್ಚಿಡೋದಂತೂ ಬೇಡ, ಕಾಲಾಳಿಗೆ "ಹುಷಾರು" ಅಂದು ಅವನ ಗಮನ ಅಲ್ಲಿಗೆ ಎಳೆದು ಆಕಡೆ ಮಂತ್ರಿ ಎತ್ತಿದ್ರೆ ಅದು ಸಹಾಯ ಅಲ್ಲ, ಮೋಸ.

ಎಲ್ಲಾ ಆಟಕ್ಕೂ ಈ ಒಂದು ಮೂವ್ ಲೆಕ್ಕ ನಡೆಯಲ್ಲ. ಐದು ಕಲ್ಲು ಸಾಲು ಮಾಡೋ ಗೊಮೊಕು ತಗಳಿ, ಎರಡೂ ತುದಿ ಖಾಲಿ ಇರೋ ನಾಲ್ಕು ಆದ್ಮೇಲೆ "ನೋಡ್ಕಳಿ" ಅಂದ್ರೆ ಏನು ಪ್ರಯೋಜನ, ಒಂದು ಕಡೆ ಕಟ್ಟಿದ್ರೆ ಇನ್ನೊಂದು ಕಡೆ ಐದಾಗುತ್ತೆ. ಮೂರು ಆದಾಗ್ಲೇ ಹೇಳ್ಬೇಕು. ಕಲ್ಲಿಟ್ಟು ಜಾಗ ಸುತ್ತುಗಟ್ಟೋ ಗೋ ಆಟದಲ್ಲಿ ಕಲ್ಲಿಗೆ ಉಸಿರಾಡೋ ಜಾಗ, ಅಂದ್ರೆ ಪಕ್ಕದ ಖಾಲಿ ಜಾಗ, ಒಂದೇ ಉಳಿದಾಗ ಅಟಾರಿ ಅಂತಾರೆ, ಕಲಿಯೋರ ಜೊತೆ ಬಾಯಿಬಿಟ್ಟು ಹೇಳೋದು ಸರಿ, ಪಳಗಿದವರಿಗೆ ಹೇಳಿದ್ರೆ ಅವಮಾನ ಮಾಡ್ದಂಗೆ.

ನಮ್ಮ ಹುಲಿಕುರಿ ಇನ್ನೂ ಮಜಾ. 3 ಹುಲಿ, 15 ಕುರಿ, ಹೊಡೆಯೋದು ಹುಲಿ ಮಾತ್ರ, ಹಾರಿ ಹೊಡೆಯುತ್ತೆ, ಅದು ಕಣ್ಣಿಗೆ ಕಾಣುತ್ತೆ. ಕುರಿಯವನದು ನಿಧಾನಕ್ಕೆ ಸುತ್ತುಗಟ್ಟೋ ಕೆಲಸ, ಅದನ್ನ "ನಿಮ್ಮ ಹುಲಿ ಕಟ್ಟಾಕ್ತಿದೀನಿ" ಅಂತ ಹೇಳಿದ್ರೆ ಪೂರ್ತಿ ಪ್ಲಾನೇ ಕೊಟ್ಟಂಗಾಯ್ತು. ಹಂಗಾಗಿ ಹುಲಿ ಆಡೋರು ಹೇಳ್ಲಿ, ಕುರಿ ಆಡೋರು ಸುಮ್ನಿರ್ಲಿ. ಒಂದು ಕುರಿ ಹೋದ್ರೆ ಆಟ ಏನ್ ಮುಗಿಯಲ್ಲ, ಒಂದೆರಡು ಹೋಗೋಕೆ ಬಿಟ್ರೂ ನಡೆಯುತ್ತೆ.

ಹಿರಿಯರ ಜೊತೆ ಆಡೋವಾಗ ಕೇಳದೇ ಹೇಳ್ಬೇಡಿ, "ಸರ್, ಮಂತ್ರಿ ನೋಡ್ಕಳಿ" ಅಂದ್ರೆ ಎಷ್ಟೋ ಜನಕ್ಕೆ ಚುಚ್ಚುತ್ತೆ. ಅವರ ಜೊತೆ ವಾಪಸ್ ತಗಳೋದು ಇಬ್ರಿಗೂ ಎರಡೆರಡು ಸಲ ಅಂತ ಮೊದ್ಲೇ ಮಾತಾಡ್ಕಳಿ, ಬೇಕು ಅನ್ಸಿದಾಗ ಅವರೇ ಕೇಳ್ತಾರೆ.

ಇನ್ನು ಪಕ್ಕದಲ್ಲಿ ನಿಂತು ನೋಡೋರು, ನನ್ನ ಕೇಳಿದ್ರೆ ದೊಡ್ಡ ತಲೆನೋವು ಇವರೇ. ಆಡೋನು ಹೇಳಿದ್ರೆ ಅವನ ಅವಕಾಶ ಅವನೇ ಬಿಟ್ಟುಕೊಟ್ಟಂಗೆ, ನೋಡೋನು ಹೇಳಿದ್ರೆ ಇನ್ನೊಬ್ಬನ ಜೇಬಿಂದ ತೆಗೆದು ದಾನ ಮಾಡ್ದಂಗೆ. ಯಾರಾದ್ರೂ "ಲೇ ಕುದುರೆ, ಕುದುರೆ" ಅಂತ ಕೂಗಿಬಿಟ್ರೆ ಕೇಳಿದ್ದು ಕೇಳಿಲ್ಲ ಅನ್ನೋಕಾಗಲ್ಲ, ಆ ಆಟ ಅಲ್ಲಿಗೇ ಕಲಿಯೋ ಆಟ ಅಂತ ಲೆಕ್ಕ ಹಾಕಿ ಮುಂದುವರಿಸಿ, ಕೂಗಿದವನನ್ನ ಮುಂದಿನ ಆಟಕ್ಕೆ ಕೂರಿಸಿ. ಬೆಣ್ಣೆದೋಸೆ ಪಂದ್ಯ ಆಗಿದ್ರೆ ದೋಸೆ ದುಡ್ಡು ಕೂಗಿದವನೇ ಕೊಡ್ಲಿ.