ಪಿಂಗಾಣಿಯಲ್ಲಿ ಕದಂಬದ ಹೂ ಮಾಡುವುದು

ಪಿಂಗಾಣಿಯಲ್ಲಿ ಗಿಡದ ರೂಪ ಮಾಡುವವರು ಹೆಚ್ಚಾಗಿ ಎಲೆ, ದಳಗಳನ್ನೇ ಹಿಡಿಯುತ್ತಾರೆ. ಲಂಡನ್‌ನಲ್ಲಿ ನೆಲೆಸಿರುವ ಜಪಾನಿನ ಕಲಾವಿದೆ ಹಿತೋಮಿ ಹೊಸೊನೊ ಅಚ್ಚಿನಲ್ಲಿ ಒತ್ತಿ ತೆಗೆದ ಎಲೆಗಳನ್ನು ತಿದ್ದಿ ಪಾತ್ರೆಯ ಮೈತುಂಬ ಕೂಡಿಸುತ್ತಾರೆ. ನಾನು ಹಿಡಿದಿದ್ದು ಕದಂಬದ ಹೂ. ಗೋಳದ ಸುತ್ತ ಒತ್ತೊತ್ತಾಗಿ ಹಳದಿ-ಕೇಸರಿ ಕಿರುಹೂಗಳು, ಅವುಗಳಿಂದ ಹೊರಚಾಚಿದ ಬಿಳಿ ಶಲಾಕೆಗಳು, ಅಂದರೆ ಕಡ್ಡಿಯಂಥ ಎಳೆಗಳು. ಇದಕ್ಕೆ ಅಚ್ಚು ಬೇಕಿಲ್ಲ, ತಾಳ್ಮೆ ಬೇಕು.

ಮಣ್ಣು ಕೆಯೋಲಿನ್ (ಬಿಳಿ ಜೇಡಿ), ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್ ಸೇರಿದ ಸಿದ್ಧ ಪಿಂಗಾಣಿ ಮಣ್ಣು. ನಾನು ಬಳಸುವುದು 1260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಶೇ. 14ರಷ್ಟು ಕುಗ್ಗುತ್ತದೆ, 8 ಸೆಂ.ಮೀ. ಗೋಳ ಸುಟ್ಟ ಮೇಲೆ 7ಕ್ಕಿಂತ ತುಸು ಕಡಿಮೆ. ಗೋಳದ ಮಣ್ಣಿಗೆ ಮಾತ್ರ, ಒಣತೂಕದ ಶೇ. 5ರಷ್ಟು ಪ್ರೇಸಿಯೋಡಿಮಿಯಂ ಹಳದಿ ಸ್ಟೇನ್ (ಮಣ್ಣಿಗೆ ಬೆರೆಸುವ ಬಣ್ಣದ ಪುಡಿ) ಕಲಸುತ್ತೇನೆ. ಶಲಾಕೆಗಳಾಗುವ ಕಡ್ಡಿಗಳು ಬಿಳಿಯಾಗಿಯೇ ಇರಲಿ. ಬುಡದ ಹಳದಿ ಕಡ್ಡಿಗಳ ಸಂದಿಯಿಂದ ಇಣುಕುವಾಗ ಬರುವ ಮೆರುಗು ಮೇಲಿನಿಂದ ಬಳಿದ ಬಣ್ಣಕ್ಕೆ ಬರುವುದಿಲ್ಲ.

4 ಮಿ.ಮೀ. ದಪ್ಪದ ಎರಡು ಅರ್ಧಗೋಳಗಳನ್ನು ಚಿವುಟಿ ಮಾಡಿ, ಅಂಚಿಗೆ ಗೀರು ಹಾಕಿ, ಸ್ಲಿಪ್ (ನೀರಲ್ಲಿ ಕದಡಿದ ಮಣ್ಣು) ಹಚ್ಚಿ ಕೂಡಿಸಬೇಕು. ತೂತು ಈಗಲೇ ಹಾಕಬೇಡಿ. ಒಳಗೆ ಸಿಕ್ಕ ಗಾಳಿಯೇ ಒತ್ತುವಾಗ ಗೋಳ ತಗ್ಗದಂತೆ ಕಾಯುತ್ತದೆ. ಮೈ ಗಟ್ಟಿಯಾಗುತ್ತಿದ್ದಂತೆ ತಳದಲ್ಲಿ ಸೂಜಿಯಿಂದ ತೂತು ಹಾಕಲೇಬೇಕು. ಇಲ್ಲದಿದ್ದರೆ ಮಣ್ಣು ಕುಗ್ಗುವಾಗ ಒಳಗಾಳಿ ಬೆಸುಗೆಯನ್ನು ಸೀಳುತ್ತದೆ. ತೇವ ಉಳಿದಿದ್ದರೆ ಸುಡುವ ಕುಲುಮೆ, ಅಂದರೆ ಕಿಲ್ನ್‌ನಲ್ಲಿ ಆವಿಯಿಂದ ಸಿಡಿಯುತ್ತದೆ.

ಕಡ್ಡಿಗಳಿಗೆ ಸೂಜಿ ತೆಗೆದ ಸಿರಿಂಜ್ ಸಾಕು. ಎಳೆಗಳನ್ನು ಪ್ಲಾಸ್ಟರ್ ಹಲಗೆಯ ಮೇಲೆ ನೇರವಾಗಿ ಬಿಡಿ. ಡೊಂಕಾದದ್ದನ್ನು ಕೈಯಿಂದ ನೇರ ಮಾಡಬೇಡಿ, ಎಸೆಯಿರಿ. ಕೆಯೋಲಿನ್‌ನ ಚಪ್ಪಟೆ ಕಣಗಳು ಡೊಂಕನ್ನು ನೆನಪಿಟ್ಟುಕೊಂಡು ಸುಡುವಾಗ ಮತ್ತೆ ಬಾಗುತ್ತವೆ. ಅರೆ ಒಣಗಿದಾಗ 12 ಮಿ.ಮೀ. ಉದ್ದಕ್ಕೆ ಕತ್ತರಿಸಿ, ತುದಿಯನ್ನು ಬೆರಳಲ್ಲಿ ಹೊರಳಿಸಿ ಸಣ್ಣಗೆ ಮಾಡಿ.

ಅಂಟಿಸುವ ಸ್ಲಿಪ್ ಅದೇ ಮಣ್ಣಿನದು, ಸ್ವಲ್ಪ ಕಾಗದದ ತಿರುಳು, ಕೆಲವು ಹನಿ ವಿನೆಗರ್. ತಿರುಳಿನ ನಾರು ಬಿರುಕು ತಡೆಯುತ್ತದೆ, ವಿನೆಗರ್ ಸ್ಲಿಪ್ಪನ್ನು ಹರಿಯದಂತೆ ಗಟ್ಟಿಗೊಳಿಸುತ್ತದೆ. ಗೋಳದ ಮೇಲೆ ರೇಖೆ ಎಳೆದು ಎಂಟು ಭಾಗ ಮಾಡಿಕೊಂಡು ನೆತ್ತಿಯಿಂದ ಕೆಳಕ್ಕೆ ತುಂಬುತ್ತಾ ಬರುತ್ತೇನೆ. ಕಡ್ಡಿಯ ಬುಡವನ್ನಷ್ಟೇ ಸ್ಲಿಪ್‌ಗೆ ತಾಗಿಸಿ ಒತ್ತಬೇಕು. ಬುಡದಲ್ಲಿ ಸ್ಲಿಪ್ ನಿಂತರೆ ಅದು ಮಣ್ಣಿಗಿಂತ ಹೆಚ್ಚು ಕುಗ್ಗಿ ಬಿರುಕು ಬಿಡುತ್ತದೆ. ತಳದಲ್ಲಿ 2 ಸೆಂ.ಮೀ. ಅಗಲದ ಜಾಗ ಖಾಲಿ ಇರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ನಡುಸುತ್ತಿನ ಕಡ್ಡಿಗಳು. ಪೂರ್ತಿ ಕಾದ ಪಿಂಗಾಣಿ ಮೆತ್ತಗಾಗುತ್ತದೆ. ನೆತ್ತಿಯ ಕಡ್ಡಿ ನೇರ ನಿಲ್ಲುತ್ತದೆ, ಪಕ್ಕದ್ದು ಜೋಲುತ್ತದೆ. ಅದಕ್ಕೆ ಪಕ್ಕದ ಸಾಲುಗಳನ್ನು ಹತ್ತು ಡಿಗ್ರಿಯಷ್ಟು ಮೇಲ್ಮುಖವಾಗಿ ಕೂರಿಸುತ್ತೇನೆ. ಉದ್ದ ಹೆಚ್ಚಿಸಬೇಕೆನಿಸಿದರೆ ಬುಡದ ದಪ್ಪವನ್ನೂ ಹೆಚ್ಚಿಸಿ.

ಒಣಗುವಾಗ ತುದಿಗಳು ಮೊದಲು ಒಣಗಿ ಬುಡದಲ್ಲಿ ಸೀಳು ಬರುತ್ತದೆ. ತುದಿಗಳಿಗೆ ವ್ಯಾಕ್ಸ್ ರೆಸಿಸ್ಟ್ (ತೇವ ಬೇಗ ಆರದಂತೆ ತಡೆಯುವ ಮೇಣದ ದ್ರವ) ಹಚ್ಚಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಎರಡು-ಮೂರು ವಾರ ನಿಧಾನ ಒಣಗಿಸಿ. ಒಣ ಮಣ್ಣನ್ನು ಮರಳು ಕಾಗದದಿಂದ ಉಜ್ಜಬೇಡಿ. ಆ ಧೂಳಿನಲ್ಲಿ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಕೆಟ್ಟದ್ದು.

ಬಿಸ್ಕ್, ಅಂದರೆ ಮೊದಲ ಸುಡುವಿಕೆ, 1000 ಡಿಗ್ರಿ, ಮೊದಲ 120 ಡಿಗ್ರಿಯವರೆಗೆ ಗಂಟೆಗೆ 60ಕ್ಕಿಂತ ವೇಗ ಬೇಡ. ಕಾಗದ, ವ್ಯಾಕ್ಸ್ ಉರಿದು ಹೊಗೆ ಬರುವುದರಿಂದ ಕಿಟಕಿ ತೆರೆದಿರಲಿ. ಎರಡನೇ ಸುಡುವಿಕೆ 1260ಕ್ಕೆ, ಅಲ್ಲಿ 10 ನಿಮಿಷ ನಿಲ್ಲಿಸಿ. ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಹಾಕುವುದಿಲ್ಲ, ಅದು ಕಡ್ಡಿಗಳ ನಡುವೆ ತುಂಬಿಕೊಂಡು ರೂಪವನ್ನೇ ಮುಚ್ಚುತ್ತದೆ. ಅದೇ ಮಣ್ಣಿನ, ಜೊತೆಯಲ್ಲೇ ಬಿಸ್ಕ್ ಮಾಡಿದ ಉಂಗುರದ ಮೇಲೆ ಗೋಳವನ್ನು ಕೂರಿಸಿ. ಆಗ ಎರಡೂ ಒಟ್ಟಿಗೆ ಕುಗ್ಗುತ್ತವೆ, ತಳ ಚಪ್ಪಟೆಯಾಗದು. ನಡುವೆ ಅಲ್ಯುಮಿನಾ ಪುಡಿ ಬಳಿಯದಿದ್ದರೆ ಎರಡೂ ಬೆಸೆದುಕೊಳ್ಳುತ್ತವೆ. ಉಂಗುರ ಒಂದೇ ಸಲಕ್ಕೆ. ಸುಟ್ಟು ಕುಗ್ಗಿದ್ದನ್ನು ಮುಂದಿನ ಹೂವಿಗೆ ಇಟ್ಟರೆ ಅದು ಮತ್ತೆ ಕುಗ್ಗುವುದಿಲ್ಲ, ಮೇಲಿನ ಗೋಳ ಮಾತ್ರ ಕುಗ್ಗಿ ಸೊಟ್ಟಗಾಗುತ್ತದೆ.